ಅಂಚೆ ಕಾರ್ಡಿನಲ್ಲಿ ಗೆದ್ದ ಕಪ್ಪು ಕಾಯಿಗಳು: ಎಸ್ಟ್ರಿನ್–ಬರ್ಲಿನರ್ ಪಂದ್ಯವನ್ನು ಹಂತ ಹಂತವಾಗಿ ಓದುವ ಬಗೆ

ಯಾಕೋವ್ ಎಸ್ಟ್ರಿನ್ ಮಾಸ್ಕೋದವರು. ‘ಎರಡು ಕುದುರೆಗಳ ರಕ್ಷಣೆ’ ಎಂಬ ಹಳೆಯ ಆರಂಭದ ಮೇಲೆ ಪುಸ್ತಕವನ್ನೇ ಬರೆದವರು, ಮುಂದೆ ಅಂಚೆ ಚೆಸ್‌ನ (ನಡೆಗಳನ್ನು ಅಂಚೆ ಕಾರ್ಡಿನಲ್ಲಿ ಬರೆದು ಕಳುಹಿಸಿ ಆಡುವ ಚೆಸ್) 7ನೇ ವಿಶ್ವ ಚಾಂಪಿಯನ್ ಆದವರು. ಹ್ಯಾನ್ಸ್ ಬರ್ಲಿನರ್ 1929ರಲ್ಲಿ ಬರ್ಲಿನ್‌ನಲ್ಲಿ ಹುಟ್ಟಿ, ಎಳೆಯ ವಯಸ್ಸಿನಲ್ಲೇ ಮನೆಯವರ ಜೊತೆ ಅಮೆರಿಕ ಸೇರಿದರು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ‘ಹೈಟೆಕ್’ ಎಂಬ ಚೆಸ್ ಯಂತ್ರವನ್ನು ರೂಪಿಸಿದ್ದು ಆಮೇಲಿನ ಮಾತು. ಈ ಇಬ್ಬರೂ 1965ರಿಂದ 1968ರವರೆಗೆ ನಡೆದ 5ನೇ ವಿಶ್ವ ಅಂಚೆ ಚೆಸ್ ಚಾಂಪಿಯನ್‌ಶಿಪ್‌ನಲ್ಲಿ ಎದುರಾದರು. ಎಸ್ಟ್ರಿನ್‌ಗೆ ಬಿಳಿ ಕಾಯಿ. ಬರ್ಲಿನರ್ ಆರಿಸಿಕೊಂಡದ್ದು ಎಸ್ಟ್ರಿನ್ ಅಂಗೈ ಗೆರೆಯಂತೆ ಬಲ್ಲ ಆ ಎರಡು ಕುದುರೆಗಳ ರಕ್ಷಣೆಯನ್ನೇ. ಎಸ್ಟ್ರಿನ್ ಅವರ ಅಡುಗೆಮನೆಯಲ್ಲೇ ನಿಂತು ಅವರಿಗೇ ಊಟ ಬಡಿಸಿದ ಹಾಗೆ. 42ನೇ ನಡೆಯಲ್ಲಿ ಎಸ್ಟ್ರಿನ್ ಸೋಲೊಪ್ಪಿದರು. ಬರ್ಲಿನರ್ 16 ಪಂದ್ಯಗಳಲ್ಲಿ 12 ಗೆದ್ದು, 4 ಡ್ರಾ ಮಾಡಿ, ಒಂದನ್ನೂ ಸೋಲದೆ 14 ಅಂಕ ಗಳಿಸಿ ಚಾಂಪಿಯನ್ ಆದರು. ಎರಡನೆಯ ಸ್ಥಾನಕ್ಕಿಂತ ಅದು 3 ಅಂಕ ಮುಂದೆ.

ಈ ಪಂದ್ಯವನ್ನು ನಾನು ಮೊದಲ ಸಲ ನೋಡಿದಾಗ ಹದಿನೈದು ನಿಮಿಷದಲ್ಲಿ ಮುಗಿಸಿ, ‘ಅಬ್ಬಾ, ಎಂಥ ಬಲಿದಾನ’ ಎಂದುಕೊಂಡು ಪುಸ್ತಕ ಮುಚ್ಚಿಟ್ಟಿದ್ದೆ. ಒಂದೊಂದು ನಡೆಗೆ ದಿನಗಟ್ಟಲೆ ಕೂತವರ ಆಟವನ್ನು ಬಸ್ಸಿಗೆ ಕಾಯುತ್ತ ಓದಿ ಮುಗಿಸಿದರೆ ಸಿಗುವುದು ಅಷ್ಟೇ. ಎರಡನೆಯ ಸಲ ಮೂರು ವಾರ ತೆಗೆದುಕೊಂಡೆ. ಆಗ ಕಂಡದ್ದು ಬೇರೆ: ಎಲ್ಲರೂ ಹೊಗಳುವ ಕುದುರೆಯ ಬಲಿದಾನಕ್ಕಿಂತ, ಸದ್ದಿಲ್ಲದೆ ಆಡಿದ ಆನೆಯ ಮೂರು ನಡೆಗಳು ಈ ಪಂದ್ಯವನ್ನು ಹೊತ್ತು ನಿಂತಿವೆ. 14ನೆಯದು, 18ನೆಯದು, 31ನೆಯದು. ಈ ಮಾರ್ಗದರ್ಶಿ ನಿಮ್ಮನ್ನು ಆ ಮೂರೂ ಕಡೆ ನಿಲ್ಲಿಸುತ್ತದೆ.

ಮೊದಲು ಹೆಸರುಗಳು ಮತ್ತು ಬರೆಯುವ ಕ್ರಮ

ನಮ್ಮ ಮನೆಗಳಲ್ಲಿ ಕಾಯಿಗಳ ಹೆಸರು ಒಂದೇ ಅಲ್ಲ. ಮೂಲೆಯ ಕಾಯಿಗೆ ಕೆಲವರು ಆನೆ ಎನ್ನುತ್ತಾರೆ, ಕೆಲವರು ರಥ ಎನ್ನುತ್ತಾರೆ. ರಾಜನ ಪಕ್ಕದ್ದನ್ನು ಮಂತ್ರಿ ಎನ್ನುವವರೂ ಇದ್ದಾರೆ, ರಾಣಿ ಎನ್ನುವವರೂ ಇದ್ದಾರೆ. ಇಲ್ಲಿ ರಾಜ, ಮಂತ್ರಿ, ಆನೆ (ಮೂಲೆಯದು, ನೇರ ಓಡುವುದು), ಒಂಟೆ (ಓರೆ ಓಡುವುದು), ಕುದುರೆ, ಕಾಲಾಳು ಎಂದು ಬಳಸಿದ್ದೇನೆ. ಬಿಳಿಯ ಕಡೆಯಿಂದ ನೋಡಿದಾಗ ಎಡದಿಂದ ಬಲಕ್ಕೆ ಎ, ಬಿ, ಸಿ, ಡಿ, ಇ, ಎಫ್, ಜಿ, ಎಚ್ ಸಾಲುಗಳು. ಬಿಳಿಯ ಕಡೆಯಿಂದ ಮೇಲಕ್ಕೆ 1ರಿಂದ 8. ಕಾಯಿಯ ಹೆಸರಿಲ್ಲದೆ ‘ಇ4’ ಎಂದಷ್ಟೇ ಇದ್ದರೆ ಅದು ಕಾಲಾಳಿನ ನಡೆ.

ಅಂಚೆ ಆಟಗಾರರಿಗೆ ಈ ಅಕ್ಷರಗಳ ಗೊಡವೆಯೇ ಇರಲಿಲ್ಲ. ರಷ್ಯನ್ ಲಿಪಿಯವನೂ ಜರ್ಮನ್ ಲಿಪಿಯವನೂ ಆಡಬೇಕಲ್ಲ, ಹಾಗಾಗಿ ಸಾಲುಗಳಿಗೂ 1ರಿಂದ 8 ಎಂದು ಅಂಕಿ ಕೊಟ್ಟು, ಹೊರಟ ಮನೆ ಮತ್ತು ತಲುಪಿದ ಮನೆ ಸೇರಿಸಿ ನಾಲ್ಕಂಕಿ ಬರೆಯುವ ಪದ್ಧತಿ ಬಂತು. ಇ2ರಿಂದ ಇ4ಕ್ಕೆ ಹೋದರೆ 5254. ಕಪ್ಪು ಮಂತ್ರಿ ಡಿ8ರಿಂದ ಎಚ್4ಕ್ಕೆ ಹಾರಿದರೆ 4884. ಕಾರ್ಡಿನಲ್ಲಿ ಎದುರಾಳಿಯ ಹಿಂದಿನ ನಡೆಯನ್ನು ಮರಳಿ ಬರೆದು, ಅದರ ಕೆಳಗೆ ತನ್ನ ನಡೆ, ಕಾರ್ಡು ಕೈಸೇರಿದ ದಿನ, ಉತ್ತರಿಸಿದ ದಿನ. ಸಾಮಾನ್ಯವಾಗಿ 10 ನಡೆಗೆ 30 ದಿನ ಯೋಚನೆಯ ಸಮಯ. ಕಾರ್ಡು ದಾರಿಯಲ್ಲಿರುವ ದಿನಗಳು ಲೆಕ್ಕಕ್ಕಿಲ್ಲ. ಒಂದಂಕಿ ತಪ್ಪಿ ಬರೆದರೂ ಅದು ಆಡಬಹುದಾದ ನಡೆಯಾಗಿದ್ದರೆ ಹಾಗೆಯೇ ಆಡಬೇಕು. ನಾಲ್ಕಂಕಿ ಬರೆಯುವ ಕೈ ನಡುಗುತ್ತಿತ್ತು ಎಂದರೆ ನಂಬಬಹುದು.

ಏನು ಸಿದ್ಧವಿರಬೇಕು

ಮರದ್ದೋ ಪ್ಲಾಸ್ಟಿಕ್ಕಿನದೋ ಒಂದು ಚೆಸ್ ಬೋರ್ಡು, ಸಾಧ್ಯವಾದರೆ ಎರಡು. ಒಂದರಲ್ಲಿ ಪಂದ್ಯದ ಸ್ಥಿತಿ ಕದಲದೆ ಇರಲಿ, ಇನ್ನೊಂದರಲ್ಲಿ ಕಾಯಿ ಸರಿಸಿ ಪರೀಕ್ಷಿಸಿ. ಒಂದು ನೋಟ್‌ಬುಕ್, ಪೆನ್ನು. ಮೊಬೈಲ್‌ನ ಚೆಸ್ ಎಂಜಿನ್ (ನಡೆಗಳನ್ನು ಲೆಕ್ಕ ಹಾಕಿ ಹೇಳುವ ತಂತ್ರಾಂಶ) ಸದ್ಯಕ್ಕೆ ಬೇಡ. ಅದಕ್ಕೆ ಕೊನೆಯಲ್ಲಿ ಕೆಲಸವಿದೆ.

ಪ್ರತಿ ಸಲ ಕುಳಿತಾಗ ಬೋರ್ಡಿನ ಮೇಲಿನ ಸ್ಥಿತಿಯನ್ನು ಬರೆದಿಟ್ಟ ನಡೆಗಳೊಂದಿಗೆ ತಾಳೆ ನೋಡಿ. ನನ್ನದೇ ಒಂದು ಅಂಚೆ ಪಂದ್ಯದಲ್ಲಿ ಮನೆಯವರು ಟೀಪಾಯಿ ಒರೆಸುವಾಗ ಎಚ್7ರ ಕಾಲಾಳು ಎಚ್6ಕ್ಕೆ ಜರುಗಿತ್ತು. ಆ ಎಚ್6ರ ಕಾಲಾಳನ್ನು ನಂಬಿ ಎರಡು ದಿನ ಲೆಕ್ಕ ಹಾಕಿ ಒಂದು ಅದ್ಭುತ ನಡೆ ಕಳುಹಿಸಿದೆ. ಎದುರಾಳಿಯ ಬೋರ್ಡಿನಲ್ಲಿ ಅದು ಅದ್ಭುತವಾಗಿರಲಿಲ್ಲ. ಒಂದು ಆನೆ ಹೋಯಿತು.

ಹಂತ 1: ಆರಂಭದ ಎಂಟು ನಡೆ

ಬೋರ್ಡಿನ ಮೇಲೆ ಆಡಿ:

1. ಇ4 – ಇ5
2. ಕುದುರೆ ಎಫ್3 – ಕುದುರೆ ಸಿ6
3. ಒಂಟೆ ಸಿ4 – ಕುದುರೆ ಎಫ್6
4. ಕುದುರೆ ಜಿ5 – ಡಿ5
5. ಇ-ಕಾಲಾಳು ಡಿ5ರಲ್ಲಿ ಹೊಡೆತ – ಬಿ5
6. ಒಂಟೆ ಎಫ್1 – ಕುದುರೆ ಡಿ4
7. ಸಿ3 – ಕುದುರೆ ಡಿ5ರಲ್ಲಿ ಹೊಡೆತ
8. ಕುದುರೆ ಇ4 – ಮಂತ್ರಿ ಎಚ್4

ಬಿಳಿಯ 4ನೇ ನಡೆ 16ನೇ ಶತಮಾನದ ಇಟಲಿಯಷ್ಟು ಹಳೆಯದು. ಒಂದೇ ಕುದುರೆಯನ್ನು ಎರಡು ಸಲ ಆಡಿ ಎಫ್7ಕ್ಕೆ ಕಣ್ಣು ಹಾಕುವುದು. ಜರ್ಮನಿಯ ಹೆಸರಾಂತ ಆಟಗಾರ ಟರಾಶ್ ಇದನ್ನು ಕಸುಬು ಬಾರದವರ ನಡೆ ಎಂದು ಜರೆದಿದ್ದರು. ಆದರೂ ನಾಲ್ಕು ಶತಮಾನ ದಾಟಿ ಇಂದಿಗೂ ಆಡುತ್ತಾರೆ, ಏಕೆಂದರೆ ಇದಕ್ಕೆ ಸರಿಯಾದ ಉತ್ತರ ಕೊಡುವುದು ಸುಲಭವಲ್ಲ.

ಇಲ್ಲಿ ಎರಡೇ ಪ್ರಶ್ನೆ ಬರೆದುಕೊಳ್ಳಿ. ಒಂದು, 6ನೇ ನಡೆಯಲ್ಲಿ ಬಿಳಿ ಒಂಟೆ ಬಿ5ರಲ್ಲಿ ಸುಮ್ಮನೆ ಸಿಗುವ ಕಾಲಾಳನ್ನು ಬಿಟ್ಟು ಹುಟ್ಟೂರಿಗೆ ಮರಳಿದ್ದೇಕೆ? ಹೊಡೆದು ನೋಡಿ: ಕಪ್ಪು ಮಂತ್ರಿ ಡಿ5ಕ್ಕೆ ಬಂದು ಬಿ5ರ ಒಂಟೆ, ಜಿ2ರ ಕಾಲಾಳು ಎರಡನ್ನೂ ಒಂದೇ ನೋಟದಲ್ಲಿ ಹಿಡಿಯುತ್ತಾನೆ. ಎಫ್1ರಲ್ಲಿ ಒಂಟೆ ಇದ್ದರೆ ಜಿ2 ಭದ್ರ. ಆಗ ಮಂತ್ರಿ ಡಿ5ಕ್ಕೆ ಬಂದರೆ ಬಿಳಿ ಕುದುರೆ ಸಿ3ಕ್ಕೆ ಬಂದು ಅವನನ್ನು ಅಟ್ಟುತ್ತದೆ. ಎರಡು, 8ನೇ ನಡೆಯಲ್ಲಿ ಡಿ4ರ ಕಪ್ಪು ಕುದುರೆ ಸಿ3ರ ಕಾಲಾಳಿನ ಬಾಯಿಗೆ ಬಿದ್ದಿದೆ. ಸಾಮಾನ್ಯ ಬುದ್ಧಿ ಅದನ್ನು ಇ6ಕ್ಕೆ ಹಿಂತೆಗೆಯುತ್ತದೆ. ಬರ್ಲಿನರ್ ಹಿಂತೆಗೆಯಲಿಲ್ಲ, ಮಂತ್ರಿಯನ್ನು ಎಚ್4ಕ್ಕೆ ಕಳುಹಿಸಿದರು. ಮನೆಯಲ್ಲಿ ಕುಳಿತು ಮೊದಲೇ ಹದ ಮಾಡಿಕೊಂಡ ಸಾಲಿದು, ಬೋರ್ಡಿನ ಮುಂದೆ ಹುಟ್ಟಿದ ಧೈರ್ಯವಲ್ಲ. ಕಾಯಿಗಳನ್ನು ಎಣಿಸಿಯೂ ನೋಡಿ: ಈ ಹೊತ್ತಿಗೆ ಎರಡೂ ಕಡೆ ಸಮಸಮ, ಏಳೇಳು ಕಾಲಾಳು.

ಹಂತ 2: ಬಲಿದಾನವನ್ನು ಎಣಿಸುವುದು

9. ಕುದುರೆ ಜಿ3 – ಒಂಟೆ ಜಿ4
10. ಎಫ್3 – ಇ4
11. ಸಿ-ಕಾಲಾಳು ಡಿ4ರ ಕುದುರೆಯನ್ನು ಹೊಡೆತ – ಒಂಟೆ ಡಿ6
12. ಒಂಟೆ ಬಿ5ರಲ್ಲಿ ಹೊಡೆತ, ಚೆಕ್ – ರಾಜ ಡಿ8

10ನೇ ನಡೆಯಲ್ಲಿ ಕಪ್ಪಿನ ಕಾರ್ಡಿನಲ್ಲಿ ಇದ್ದದ್ದು ಕೇವಲ 5554. ಇ5ರಿಂದ ಇ4. ಕುದುರೆಯೂ ಹೋಗಬಹುದು, ಒಂಟೆಯೂ ಹೋಗಬಹುದು, ಎರಡನ್ನೂ ಬಿಟ್ಟು ಒಂದು ಕಾಲಾಳನ್ನು ಒಂದು ಮನೆ ತಳ್ಳುವುದು. ಈ ನಡೆ ಇ5ರ ಮನೆಯನ್ನು ತೆರವು ಮಾಡುತ್ತದೆ. ಅದರಿಂದ ಮರುನಡೆಗೆ ಡಿ6ಕ್ಕೆ ಬರುವ ಒಂಟೆಗೆ ಜಿ3ರವರೆಗೆ ಓರೆ ದಾರಿ ತೆರೆಯುತ್ತದೆ. ಜಿ3ರ ಬಿಳಿ ಕುದುರೆಯ ಮೇಲೆ ಈಗ ಒಂಟೆ, ಮಂತ್ರಿ ಇಬ್ಬರ ಕಣ್ಣು.

12ನೇ ನಡೆಯ ನಂತರ ನಿಲ್ಲಿ. ಕಪ್ಪು ಒಂದು ಕುದುರೆ, ಒಂದು ಕಾಲಾಳು ಹಿಂದೆ. ಜಿ4ರ ಒಂಟೆ ಇನ್ನೂ ಎಫ್3ರ ಕಾಲಾಳಿನ ಬಾಯಲ್ಲೇ ಇದೆ. ರಾಜ ಡಿ8ಕ್ಕೆ ಸರಿದು ಕ್ಯಾಸ್ಲಿಂಗ್ (ರಾಜ, ಆನೆ ಒಂದೇ ನಡೆಯಲ್ಲಿ ಸರಿದು ರಾಜ ಭದ್ರವಾಗುವುದು) ಹಕ್ಕು ಕಳೆದುಕೊಂಡಿದ್ದಾನೆ. ಈಗ ಬಿಳಿಯ ಎಡಗಡೆ ನೋಡಿ: ಎ1ರ ಆನೆ, ಬಿ1ರ ಕುದುರೆ, ಸಿ1ರ ಒಂಟೆ ಮೂರೂ ಹುಟ್ಟಿದ ಮನೆಯಲ್ಲೇ ಮಲಗಿವೆ. ನೋಟ್‌ಬುಕ್ಕಿನಲ್ಲಿ ಎರಡು ಸಾಲು ಬರೆಯಿರಿ: ‘ಬೋರ್ಡಿನ ಮೇಲೆ ಯಾರ ಬಳಿ ಎಷ್ಟು ಕಾಯಿ’, ‘ಈ ಕ್ಷಣದ ಕಾಳಗದಲ್ಲಿ ಯಾರ ಬಳಿ ಎಷ್ಟು ಕಾಯಿ’. ಎರಡನೆಯ ಲೆಕ್ಕದಲ್ಲಿ ಕಪ್ಪೇ ಮುಂದಿದೆ. ಬಲಿದಾನ ಸರಿಯೋ ತಪ್ಪೋ ಎಂಬುದಕ್ಕೆ ನಾನು ನೋಡುವುದು ಈ ಎರಡು ಸಾಲಿನ ಅಂತರವನ್ನು. ಅಂತರ ಹೆಚ್ಚು ಹೊತ್ತು ಉಳಿಯದು, ಬಿಳಿಗೆ ನಾಲ್ಕು ನಡೆ ಪುರುಸೊತ್ತು ಸಿಕ್ಕರೆ ಮುಗಿಯಿತು.

ಹಂತ 3: ಮೊದಲ ಆನೆಯ ನಡೆ

13. ಕ್ಯಾಸ್ಲಿಂಗ್ (ರಾಜನ ಕಡೆ) – ಇ-ಕಾಲಾಳು ಎಫ್3ರಲ್ಲಿ ಹೊಡೆತ
14. ಆನೆ ಎಫ್3ರಲ್ಲಿ ಹೊಡೆತ – ?

ಕಪ್ಪಿನ ಉತ್ತರವನ್ನು ಕಾಗದದಿಂದ ಮುಚ್ಚಿ. ಜಿ4ರ ಒಂಟೆ ಎಫ್3ರ ಆನೆಯನ್ನು ಈಗಲೇ ಹೊಡೆಯಬಹುದು. ಒಂಟೆ ಕೊಟ್ಟು ಆನೆ ಪಡೆಯುವ ವ್ಯಾಪಾರ ಯಾರಿಗೆ ಬೇಡ? ಎರಡನೆಯ ಬೋರ್ಡಿನಲ್ಲಿ ಹೊಡೆದೇ ನೋಡಿ. ಬಿಳಿ ಮಂತ್ರಿ ಎಫ್3ಕ್ಕೆ ಬಂದು ಮರುಹೊಡೆತ ಕೊಡುತ್ತಾನೆ; ಅಲ್ಲಿ ನಿಂತು ಡಿ5ರ ಕುದುರೆಯನ್ನೂ ಎಫ್7ರ ಕಾಲಾಳನ್ನೂ ಒಟ್ಟಿಗೆ ನೋಡುತ್ತಾನೆ. ಅಷ್ಟು ಹೊತ್ತು ಡಿ1ರಲ್ಲಿ ಕಟ್ಟಿಬಿದ್ದಿದ್ದ ಮಂತ್ರಿಗೆ ನಾವೇ ಬಾಗಿಲು ತೆರೆದ ಹಾಗಾಯಿತು.

ಕನಿಷ್ಠ ಅರ್ಧ ಗಂಟೆ ಇಲ್ಲಿ ಕೂತು, ಕಪ್ಪು ಆಡಬಹುದಾದ ಮೂರು ನಡೆ ಬರೆದು, ಒಂದೊಂದಕ್ಕೂ ಬಿಳಿಯ ಅತ್ಯುತ್ತಮ ಉತ್ತರ ಬರೆಯಿರಿ. ಆಮೇಲೆ ಕಾಗದ ಸರಿಸಿ.

14. … – ಆನೆ ಬಿ8
15. ಒಂಟೆ ಇ2 – ಒಂಟೆ ಎಫ್3ರ ಆನೆಯನ್ನು ಹೊಡೆತ
16. ಒಂಟೆ ಎಫ್3ರಲ್ಲಿ ಮರುಹೊಡೆತ – ಮಂತ್ರಿ ಡಿ4ರಲ್ಲಿ ಹೊಡೆತ, ಚೆಕ್

ಆನೆ ಎ8ರಿಂದ ಒಂದೇ ಮನೆ ಪಕ್ಕಕ್ಕೆ ಸರಿಯಿತು. ಬಿ5ರ ಒಂಟೆಯನ್ನು ‘ಎಲ್ಲಿಗೆ ಹೋಗುತ್ತೀಯ ಹೇಳು’ ಎಂದು ಕೇಳಿತು. ಒಂಟೆ ಇ2ಕ್ಕೆ ಹೋಗಿ ಎಫ್3ನ್ನು ಕಾದಿತು. ಹಾಗಾಗಿ ಮರುಹೊಡೆತ ಒಂಟೆಯಿಂದ ಬಂತು, ಮಂತ್ರಿಯಿಂದಲ್ಲ. ಬಿಳಿ ಮಂತ್ರಿ ಡಿ1ರಲ್ಲೇ ಉಳಿದ. ಕಪ್ಪು ಮಂತ್ರಿ ಚೆಕ್ ಕೊಡುತ್ತಲೇ ಡಿ4ಕ್ಕೆ ಬಂದು ತನ್ನ ಡಿ5ರ ಕುದುರೆಗೆ ಕಾವಲೂ ನಿಂತ. ಕೈಗೆ ಬಂದ ಆನೆಯನ್ನು ಒಂದು ನಡೆ ತಡೆದು ಹೊಡೆದದ್ದಕ್ಕೆ ಸಿಕ್ಕ ಬಡ್ಡಿ ಇದು.

ಹಂತ 4: ಎಂದೂ ಆಡದ ಬೆದರಿಕೆ

17. ರಾಜ ಎಚ್1 – ಒಂಟೆ ಜಿ3ರ ಕುದುರೆಯನ್ನು ಹೊಡೆತ
18. ಎಚ್-ಕಾಲಾಳು ಜಿ3ರಲ್ಲಿ ಹೊಡೆತ – ?

ಮತ್ತೆ ಮುಚ್ಚಿ. ಈಗಿನ ಲೆಕ್ಕ: ಬಿಳಿಯ ಬಳಿ ಮಂತ್ರಿ, ಒಂದು ಆನೆ, ಎರಡು ಒಂಟೆ, ಒಂದು ಕುದುರೆ, ಕಪ್ಪಿನ ಬಳಿ ಮಂತ್ರಿ, ಎರಡು ಆನೆ, ಒಂದು ಕುದುರೆ. ಎರಡೂ ಕಡೆ ಐದೈದು ಕಾಲಾಳು. ಸರಳವಾಗಿ ಹೇಳಿದರೆ ಕಪ್ಪಿನ ಒಂದು ಆನೆಗೆ ಬಿಳಿಯ ಎರಡು ಒಂಟೆ. ತಕ್ಕಡಿಯಲ್ಲಿ ಇಟ್ಟರೆ ಬಿಳಿ ತುಸು ಭಾರ. ಒಂದು ಸುಳಿವು ಕೊಡುತ್ತೇನೆ: ಎಚ್2ರ ಕಾಲಾಳು ಜಿ3ಕ್ಕೆ ಹೋದ ಮೇಲೆ ಬಿಳಿ ರಾಜನ ಮುಂದಿನ ಎಚ್ ಸಾಲು ಬಯಲು.

18. … – ಆನೆ ಬಿ6
19. ಡಿ3 – ಕುದುರೆ ಇ3
20. ಒಂಟೆ ಇ3ರಲ್ಲಿ ಹೊಡೆತ – ಮಂತ್ರಿ ಇ3ರಲ್ಲಿ ಹೊಡೆತ
21. ಒಂಟೆ ಜಿ4 – ಎಚ್5
22. ಒಂಟೆ ಎಚ್3 – ಜಿ5
23. ಕುದುರೆ ಡಿ2 – ಜಿ4

ಬಿ6ರಿಂದ ಎಚ್6ರವರೆಗೆ ಆರನೇ ಅಡ್ಡಸಾಲು ಪೂರ್ತಿ ಖಾಲಿ. ಆನೆ ಅಲ್ಲಿಂದ ಓಡಿ ಎಚ್6ಕ್ಕೆ ಬಂದರೆ ರಾಜನಿಗೆ ಚೆಕ್. ಜಿ1ಕ್ಕೆ ಓಡೋಣವೆಂದರೆ ಡಿ4ರ ಮಂತ್ರಿ ಆ ಮನೆಯನ್ನು ಕಾಯುತ್ತಿದ್ದಾನೆ. ಇದನ್ನು ಕಂಡ ಎಸ್ಟ್ರಿನ್ ಡಿ3 ಆಡಿ ಸಿ1ರ ಒಂಟೆಗೆ ಎಚ್6ರವರೆಗೆ ದಾರಿ ಬಿಡಿಸಿದರು. ಬರ್ಲಿನರ್ ಆ ದಾರಿಯ ನಡುವೆಯೇ, ಇ3ರಲ್ಲಿ, ಕುದುರೆ ತಂದು ನಿಲ್ಲಿಸಿದರು. ಅಡ್ಡಗಟ್ಟುತ್ತಲೇ ಅದು ಡಿ1ರ ಮಂತ್ರಿಯನ್ನೂ ತಿವಿಯುತ್ತದೆ. ಒಂಟೆ ಹೊಡೆಯಲೇಬೇಕು, ಹೊಡೆದರೆ ಎಚ್6ರ ಕಾವಲುಗಾರನೇ ಬೋರ್ಡಿನಿಂದ ಹೊರಗೆ.

ಇಲ್ಲೊಂದು ಸ್ವಾರಸ್ಯ. ಆ ಆನೆ ಕೊನೆಗೂ ಎಚ್6ಕ್ಕೆ ಹೋಗುವುದೇ ಇಲ್ಲ. ಬಿ6ರಲ್ಲಿ ನಿಂತೇ ಪ್ರಾಣ ಬಿಡುತ್ತದೆ. ಆದರೆ ಬಿಳಿಯ 19, 21, 22ನೇ ನಡೆಗಳನ್ನು ನೋಡಿ, ಮೂರೂ ಅದರ ಭಯದಿಂದಲೇ ಹುಟ್ಟಿದವು. ಎಚ್8ರ ಇನ್ನೊಂದು ಆನೆಯೂ ಹಾಗೆಯೇ: 30 ನಡೆಯವರೆಗೆ ಹುಟ್ಟಿದ ಮನೆ ಬಿಟ್ಟು ಕದಲಿಲ್ಲ. ಆದರೆ 23ನೇ ನಡೆಯ ನಂತರ ಎಚ್3ರ ಬಿಳಿ ಒಂಟೆ ಜಿ4ರ ಕಾಲಾಳನ್ನು ಹೊಡೆಯಲಿ ನೋಡೋಣ. ಎಚ್5ರ ಕಾಲಾಳು ಮರುಹೊಡೆತ ಕೊಟ್ಟು ಪಕ್ಕಕ್ಕೆ ಸರಿದ ಕೂಡಲೇ ಎಚ್8ರ ಆನೆ ನೇರ ರಾಜನ ಎದೆಗೆ. ಕಾಲಾಳುಗಳು ನಡೆಸಿದ ದಾಳಿ ಎಂದು ಕಂಡದ್ದು ಅವುಗಳ ಬೆನ್ನ ಹಿಂದಿನ ಆನೆಯ ದಾಳಿ.

ಹಂತ 5: ಹೊಡೆದಾಟ ತೀರುವವರೆಗೆ

24. ಕುದುರೆ ಸಿ4 – ಮಂತ್ರಿ ಜಿ3ರಲ್ಲಿ ಹೊಡೆತ
25. ಕುದುರೆ ಬಿ6ರ ಆನೆಯನ್ನು ಹೊಡೆತ – ಜಿ-ಕಾಲಾಳು ಎಚ್3ರ ಒಂಟೆಯನ್ನು ಹೊಡೆತ
26. ಮಂತ್ರಿ ಎಫ್3 – ಎಚ್-ಕಾಲಾಳು ಜಿ2ರಲ್ಲಿ ಹೊಡೆತ, ಚೆಕ್
27. ಮಂತ್ರಿ ಜಿ2ರಲ್ಲಿ ಹೊಡೆತ – ಮಂತ್ರಿ ಜಿ2ರಲ್ಲಿ ಹೊಡೆತ, ಚೆಕ್
28. ರಾಜ ಜಿ2ರಲ್ಲಿ ಹೊಡೆತ – ?

24ರಿಂದ 27ರವರೆಗೆ ಬೇಗ ಬೇಗ ಸಾಗಿ, ಹೆಚ್ಚಿನವು ಬೇರೆ ದಾರಿಯಿಲ್ಲದ ನಡೆಗಳು. ಬಿಳಿ ಕುದುರೆ ಸಿ4ರಿಂದ ಮಂತ್ರಿಯನ್ನೂ ಬಿ6ರ ಆನೆಯನ್ನೂ ಒಟ್ಟಿಗೆ ತಿವಿದರೂ, ಕಪ್ಪು ಜಿ2ರಲ್ಲಿ ಮಾತ್ ಕೊಡುವ ಬೆದರಿಕೆ ಒಡ್ಡಿ ಪಾರಾಗುತ್ತದೆ. ಮಂತ್ರಿಗಳು ಬೋರ್ಡಿನಿಂದ ಇಳಿಯುತ್ತಾರೆ.

28ರಲ್ಲಿ ನಿಲ್ಲಿ. ಬಿ6ರ ಕುದುರೆಯನ್ನು ಎ-ಕಾಲಾಳಿನಿಂದ ಹೊಡೆಯಬೇಕೋ ಸಿ-ಕಾಲಾಳಿನಿಂದಲೋ? ಮಧ್ಯದ ಕಡೆಗೆ ಹೊಡೆಯಿರಿ ಎಂದು ನಮಗೆಲ್ಲ ಹೇಳಿಕೊಟ್ಟಿದ್ದಾರೆ, ಆ ಪ್ರಕಾರ ಎ-ಕಾಲಾಳು. ಬರ್ಲಿನರ್ ಹೊಡೆದದ್ದು ಸಿ-ಕಾಲಾಳಿನಿಂದ. ಎ-ಕಾಲಾಳಿನಿಂದ ಹೊಡೆದಿದ್ದರೆ ಬಿಳಿಯ ಎ-ಕಾಲಾಳಿಗೆ ದೂರದ ಅಂಚಿನಲ್ಲಿ ಎದುರಿಗೆ ಯಾರೂ ಇರುತ್ತಿರಲಿಲ್ಲ. ಈಗ ಎ7, ಬಿ6 ಎರಡೂ ಸೇರಿ ಎ2, ಬಿ2ನ್ನು ಹಿಡಿದಿಟ್ಟಿವೆ. ಜೊತೆಗೆ ಸಿ ಸಾಲು ಗುಡಿಸಿಟ್ಟ ಅಂಗಳದಂತೆ ಖಾಲಿ. ಯಾವ ಕಾಯಿಗಾಗಿ ಎಂದು ಈಗಾಗಲೇ ಊಹಿಸಿರುತ್ತೀರಿ.

ಹಂತ 6: ಅಂತ್ಯದಾಟ, ಇಲ್ಲೇ ಹೆಚ್ಚು ದಿನ ಕೊಡಿ

28ನೇ ನಡೆಯ ನಂತರದ ಸ್ಥಿತಿಯನ್ನು ಹೊಸದಾಗಿ ಜೋಡಿಸಿ. ಬಿಳಿ: ರಾಜ ಜಿ2, ಆನೆ ಎ1, ಕಾಲಾಳುಗಳು ಎ2, ಬಿ2, ಡಿ3. ಕಪ್ಪು: ರಾಜ ಡಿ8, ಆನೆ ಎಚ್8, ಕಾಲಾಳುಗಳು ಎ7, ಬಿ6, ಎಫ್7, ಎಚ್5. ಒಂದು ಕಾಲಾಳು ಹೆಚ್ಚು, ಅಷ್ಟೇ. ಒಂದೊಂದು ಆನೆ ಉಳಿದ ಅಂತ್ಯದಾಟದಲ್ಲಿ ಒಂದು ಕಾಲಾಳಿನ ಮೇಲುಗೈ ಎಷ್ಟೋ ಸಲ ಡ್ರಾ ಆಗುತ್ತದೆ ಎಂಬುದು ಕ್ಲಬ್ಬಿನ ಹುಡುಗರಿಗೂ ಗೊತ್ತು.

29. ಆನೆ ಎಫ್1 – ರಾಜ ಇ7
30. ಆನೆ ಇ1, ಚೆಕ್ – ರಾಜ ಡಿ6
31. ಆನೆ ಎಫ್1 – ?

ಬಿಳಿ ಆನೆ ಮತ್ತೆ ಎಫ್7ರ ಕಾಲಾಳಿನ ಮೇಲೆ ಬಿದ್ದಿದೆ. ಇರುವ ಒಂದೇ ಹೆಚ್ಚಿನ ಕಾಲಾಳು. ಆನೆಯನ್ನು ಎಫ್8ಕ್ಕೆ ತಂದು ಕಾಯುವುದೇ, ಬೇರೆ ಏನಾದರೂ ಇದೆಯೇ? ಈ ಒಂದು ಪ್ರಶ್ನೆಗೆ ಎರಡು ಸಂಜೆ ಕೊಡಿ. ನಿಜವಾಗಿ ಎರಡು ಸಂಜೆ. ಮೊದಲ ಸಂಜೆ ಎಫ್7ನ್ನು ಕಾಯುವ ಎಲ್ಲ ದಾರಿ ನೋಡಿ, ಎರಡನೆಯ ಸಂಜೆ ಎಫ್7 ಹೋದರೂ ಪರವಾಗಿಲ್ಲ ಎಂದುಕೊಂಡು ನೋಡಿ.

31. … – ಆನೆ ಸಿ8
32. ಆನೆ ಎಫ್7ರಲ್ಲಿ ಹೊಡೆತ – ಆನೆ ಸಿ7
33. ಆನೆ ಎಫ್2 – ರಾಜ ಇ5
34. ಎ4 – ರಾಜ ಡಿ4
35. ಎ5 – ರಾಜ ಡಿ3ರಲ್ಲಿ ಹೊಡೆತ
36. ಆನೆ ಎಫ್3, ಚೆಕ್ – ರಾಜ ಸಿ2

ಮೂವತ್ತು ನಡೆ ಮಲಗಿದ್ದ ಎಚ್8ರ ಆನೆ ಎದ್ದು ಬಂದದ್ದು ಗುಡಿಸಿಟ್ಟ ಸಿ ಸಾಲಿಗೆ. ಕಾಲಾಳು ಹೋಯಿತು, ಈಗ ಮೂರಕ್ಕೆ ಮೂರು, ಸಮ. ಆದರೆ 32ನೇ ನಡೆಯಲ್ಲಿ ಕಪ್ಪು ‘ಬಾ, ಆನೆಗೆ ಆನೆ ಬದಲಿಸಿಕೊಳ್ಳೋಣ’ ಎನ್ನುತ್ತದೆ. ಎರಡನೆಯ ಬೋರ್ಡಿನಲ್ಲಿ ಬದಲಿಸಿ ಆಡಿ ನೋಡಿ: ಕಪ್ಪಿನ ಎಚ್5ರ ಕಾಲಾಳಿಗೆ ಮುಂದೆ ತಡೆಯಿಲ್ಲ, ಅದನ್ನು ಹಿಡಿಯಲು ಬಿಳಿ ರಾಜ ಅಂಚಿಗೆ ಓಡಬೇಕು. ಅಷ್ಟರಲ್ಲಿ ಕಪ್ಪು ರಾಜ ನಡುಬೋರ್ಡಿಗೆ ಬಂದು ಡಿ3ನ್ನು ಹೊಡೆದು ಬಿ2ರ ಬಾಗಿಲಲ್ಲಿ ನಿಂತಿರುತ್ತಾನೆ. ಹಾಗಾಗಿ ಬಿಳಿ ಆನೆ ಹಿಂದಕ್ಕೆ ಸರಿಯಲೇಬೇಕು. ಕಪ್ಪು ಕೊಟ್ಟದ್ದು ಒಂದು ಕಾಲಾಳು. ಪಡೆದದ್ದು ರಾಜನಿಗೆ ಡಿ6ರಿಂದ ಸಿ2ರವರೆಗಿನ ದಾರಿ. 12ನೇ ನಡೆಯಲ್ಲಿ ಮನೆಮಠ ಇಲ್ಲದವನಂತೆ ಡಿ8ಕ್ಕೆ ಸರಿದಿದ್ದ ರಾಜನೇ ಇವನು.

37. ಬಿ4 – ಬಿ5
38. ಎ6 – ಆನೆ ಸಿ4
39. ಆನೆ ಎಫ್7 – ಆನೆ ಬಿ4ರಲ್ಲಿ ಹೊಡೆತ
40. ಆನೆ ಬಿ7 – ಆನೆ ಜಿ4, ಚೆಕ್
41. ರಾಜ ಎಫ್3 – ಬಿ4
42. ಆನೆ ಎ7ರಲ್ಲಿ ಹೊಡೆತ – ಬಿ3

ಬಿಳಿ ಸೋಲೊಪ್ಪಿತು. ಏಕೆ ಎಂದು ನೀವೇ ಬರೆಯಿರಿ. ನೋಡಬೇಕಾದದ್ದು ಇಷ್ಟು: ಜಿ4ರ ಆನೆಯನ್ನು ಎಚ್5ರ ಕಾಲಾಳು ಕಾಯುತ್ತಿದೆ, ಆದ್ದರಿಂದ ಎಫ್3ರ ರಾಜ ಅದನ್ನು ಮುಟ್ಟುವಂತಿಲ್ಲ. ಬಿಳಿ ಆನೆ ಬಿ7ಕ್ಕೆ ಬಂದರೆ ಕಪ್ಪು ಬಿ2. ಬಿಳಿ ಎ7 ತಳ್ಳಿದರೆ ಕಪ್ಪು ಆನೆ ನಾಲ್ಕನೇ ಅಡ್ಡಸಾಲಿನಲ್ಲೇ ಎ4ಕ್ಕೆ ಸರಿದು ಆ ಕಾಲಾಳನ್ನು ಹಿಂದಿನಿಂದ ಹಿಡಿಯುತ್ತದೆ.

ಹಂತ 7: ಈಗ ಎಂಜಿನ್

ನಿಮ್ಮ ಬರಹ ಮುಗಿದ ಮೇಲೆ ಮಾತ್ರ ಎಂಜಿನ್ ತೆರೆಯಿರಿ. ಮೊದಲೇ ತೆರೆದರೆ ಅದು ಹೇಳಿದ್ದೇ ನಿಮ್ಮ ಅಭಿಪ್ರಾಯವೆಂದು ಅನಿಸತೊಡಗುತ್ತದೆ. ಮುಖ್ಯವಾಗಿ ಒಂದು ಕಡೆ ಅದನ್ನು ಕೇಳಿ: 14ನೇ ನಡೆಯಲ್ಲಿ ಬಿಳಿ ಎಫ್3ರಲ್ಲಿ ಹೊಡೆಯುವ ಬದಲು ಮಂತ್ರಿಯನ್ನು ಬಿ3ಕ್ಕೆ ಆಡಿದ್ದರೆ? ಪಂದ್ಯದ ನಂತರ ವಿಶ್ಲೇಷಕರು ಹೆಚ್ಚು ತಲೆ ಕೆಡಿಸಿಕೊಂಡದ್ದು ಅಲ್ಲಿ. ಎಂಜಿನ್ ಅಂಕಿ ಕೊಟ್ಟು ಸುಮ್ಮನಾಗುತ್ತದೆ, ಅದು ತೋರಿಸಿದ ಸಾಲನ್ನು ಕೊನೆಯವರೆಗೆ ಬೋರ್ಡಿನ ಮೇಲೆ ಆಡಿ ನೋಡಿ. ಬರ್ಲಿನರ್ ಅವರ ಕಾಲದಲ್ಲಿ ಆ ಅಂಕಿಯೂ ಇರಲಿಲ್ಲ. ಯಂತ್ರಗಳಿಗೆ ಚೆಸ್ ಕಲಿಸಲು ಮುಂದೆ ಬದುಕು ಸವೆಸಿದವರೇ ತಮ್ಮ ಅತ್ಯುತ್ತಮ ಪಂದ್ಯವನ್ನು ಪೆನ್ನು ಕಾಗದದಲ್ಲಿ ಆಡಿದರು ಎಂಬುದು ನನಗೆ ಇಷ್ಟವಾಗುವ ವಿಷಯ.

ಹಂತ 8: ನಿಮ್ಮದೇ ದೂರದ ಆಟದಲ್ಲಿ

ಕಾರ್ಡುಗಳ ಕಾಲ ಬಹುತೇಕ ಮುಗಿದಿದೆ. 1951ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಅಂಚೆ ಚೆಸ್ ಒಕ್ಕೂಟದ ಪಂದ್ಯಗಳು ಈಗ ಅಂತರ್ಜಾಲದ ಸರ್ವರ್‌ನಲ್ಲಿ ನಡೆಯುತ್ತವೆ; ಚೆಸ್ ತಾಣಗಳಲ್ಲೂ ಒಂದು ನಡೆಗೆ ಒಂದು ದಿನ, ಮೂರು ದಿನ ಎಂದು ಆಡಬಹುದು. ಸೇರುವ ಮೊದಲು ನಿಯಮ ಓದಿ. ಒಕ್ಕೂಟದ ಪಂದ್ಯಗಳಲ್ಲಿ ಎಂಜಿನ್ ಬಳಸಬಹುದು. ದೊಡ್ಡ ಚೆಸ್ ತಾಣಗಳ ನಿಧಾನದ ಆಟದಲ್ಲಿ ಆರಂಭದ ಪುಸ್ತಕ ನೋಡಬಹುದು, ಎಂಜಿನ್ ಮುಟ್ಟಿದರೆ ಖಾತೆ ಮುಚ್ಚುತ್ತಾರೆ. ಕಲಿಯಲು ಎರಡನೆಯದೇ ಮೇಲು ಎಂಬುದು ನನ್ನ ಅನುಭವ.

ಒಮ್ಮೆಗೆ ನಾಲ್ಕು ಪಂದ್ಯ ಸಾಕು. ಇಪ್ಪತ್ತು ಪಂದ್ಯ ಹಿಡಿದುಕೊಂಡರೆ ಮೂರು ದಿನದ ಗಡುವಿನ ಕೊನೆಯ ಹತ್ತು ನಿಮಿಷದಲ್ಲಿ, ಅಡುಗೆಯ ಒಲೆ ಒಂದು ಕಡೆ, ಮೊಬೈಲ್ ಒಂದು ಕಡೆ ಇಟ್ಟುಕೊಂಡು ನಡೆ ಕಳುಹಿಸುತ್ತೀರಿ. ಪ್ರತಿ ಪಂದ್ಯಕ್ಕೂ ನೋಟ್‌ಬುಕ್ಕಿನಲ್ಲಿ ಬೇರೆ ಹಾಳೆ. ಆಡಿದ ನಡೆಯ ಪಕ್ಕದಲ್ಲಿ ಬಿಟ್ಟ ನಡೆಗಳನ್ನೂ ಬಿಟ್ಟ ಕಾರಣವನ್ನೂ ಒಂದು ಸಾಲಿನಲ್ಲಿ ಬರೆಯಿರಿ. ನಾಲ್ಕು ದಿನದ ನಂತರ ಎದುರಾಳಿಯ ಉತ್ತರ ಬಂದಾಗ ನೀವು ಏನು ಯೋಚಿಸಿದ್ದಿರಿ ಎಂಬುದು ನಿಮಗೇ ನೆನಪಿರುವುದಿಲ್ಲ. ನಡೆ ನಿರ್ಧರಿಸಿದ ದಿನ ಕಳುಹಿಸಬೇಡಿ. ಮಲಗಿ ಎದ್ದು, ಎದುರಾಳಿಯ ಕಡೆಯಿಂದ ಬೋರ್ಡು ತಿರುಗಿಸಿ ನೋಡಿ, ಆಮೇಲೆ ಕಳುಹಿಸಿ.

ಈ ರಕ್ಷಣೆಯನ್ನೇ ಕಪ್ಪಿನಿಂದ ಆಡುವ ಮನಸ್ಸಾದರೆ, ಬರ್ಲಿನರ್ ಸಾಲನ್ನು ಬಾಯಿಪಾಠ ಮಾಡಿದರೆ ಸಾಲದು. 8ನೇ ನಡೆಯಲ್ಲಿ ಬಿಳಿ ಇ4ಕ್ಕೆ ಬರದೆ ಎರಡು ದಾರಿ ಹಿಡಿಯಬಹುದು. ಸಿ-ಕಾಲಾಳು ಡಿ4ರ ಕುದುರೆಯನ್ನು ಹೊಡೆದರೆ ಕಪ್ಪು ಮಂತ್ರಿ ಜಿ5ರ ಕುದುರೆಯನ್ನು ಹೊಡೆಯುತ್ತಾನೆ, ಒಂಟೆ ಬಿ5ರಲ್ಲಿ ಹೊಡೆದು ಚೆಕ್ ಕೊಟ್ಟಾಗ ಇಲ್ಲೂ ರಾಜ ಡಿ8ಕ್ಕೇ ಹೋಗುತ್ತಾನೆ. ಈಗ ಬಿಳಿ ಹೆಚ್ಚಾಗಿ ಆಡುವುದು ಇದನ್ನೇ, ಮೊದಲು ಇದನ್ನು ಕಲಿಯಿರಿ. ಇನ್ನೊಂದು, ಕುದುರೆಯಿಂದ ಎಫ್7ನ್ನು ಹೊಡೆಯುವುದು: ರಾಜ ಆ ಕುದುರೆಯನ್ನು ಹೊಡೆದು, ಬಿಳಿ ಸಿ-ಕಾಲಾಳು ಡಿ4ರಲ್ಲಿ ಹೊಡೆದು, ಕಪ್ಪು ಇ-ಕಾಲಾಳು ಮರುಹೊಡೆತ ಕೊಟ್ಟು, ಬಿಳಿ ಮಂತ್ರಿ ಎಫ್3ರಿಂದ ಚೆಕ್ ಕೊಟ್ಟಾಗ ಕುದುರೆಯನ್ನು ಎಫ್6ಕ್ಕೆ ತಂದು ಎ8ರ ಆನೆಯನ್ನೇ ಬಿಟ್ಟುಕೊಡಬೇಕು. ಮಂತ್ರಿ ಆ ಮೂಲೆಗೆ ಹೋಗಿ ಆನೆಯನ್ನು ನುಂಗಿದರೆ ಕಪ್ಪು ಒಂಟೆ ಸಿ5ಕ್ಕೆ. ಆ ಸ್ಥಿತಿಯನ್ನು ಎರಡನೆಯ ಬೋರ್ಡಿನಲ್ಲಿ ಜೋಡಿಸಿ, ಮೂಲೆಯಲ್ಲಿ ಸಿಕ್ಕಿಕೊಂಡ ಬಿಳಿ ಮಂತ್ರಿ ಮನೆಗೆ ಮರಳಲು ಎಷ್ಟು ನಡೆ ಬೇಕೆಂದು ಎಣಿಸಿ.